ಚಮಚ ಬಗ್ಗಿಸುವ ಜಾದೂವಿಗೆ ಯಾವ ಚಮಚ ತರಬೇಕು?

ಪ್ರಶ್ನೆ: ಶಾಲೆಯ ವಾರ್ಷಿಕೋತ್ಸವದಲ್ಲಿ ಚಮಚ ಬಗ್ಗಿಸುವ ಜಾದೂ ಮಾಡಬೇಕೆಂದಿದ್ದೇನೆ. ಮನೆಯ ಚಮಚಗಳನ್ನು ಎಷ್ಟು ಉಜ್ಜಿದರೂ ಬಗ್ಗುತ್ತಿಲ್ಲ. ಇದಕ್ಕೆಂದೇ ಮಾಡಿದ ವಿಶೇಷ ಲೋಹದ ಚಮಚ ಮೈಸೂರಿನಲ್ಲಿ ಎಲ್ಲಿ ಸಿಗುತ್ತದೆ ಸಾರ್?

ಉತ್ತರ: ಈ ಪ್ರಶ್ನೆಯನ್ನು ನನಗೆ ಕೇಳದ ಊರು ಮಂಡ್ಯ ಜಿಲ್ಲೆಯಲ್ಲಿ ಇನ್ನು ಉಳಿದಿರಲಾರದು. ಕೇಳುವವರು ಬದಲಾಗುತ್ತಾರೆ, ‘ಎಷ್ಟು ಉಜ್ಜಿದರೂ’ ಎಂಬ ಮಾತು ಮಾತ್ರ ಬದಲಾಗುವುದಿಲ್ಲ. ಆದ್ದರಿಂದ ಪಾತ್ರೆ ಅಂಗಡಿಗೆ ಹೋಗುವ ಮೊದಲು ಈ ಉಜ್ಜುವ ವಿಚಾರವನ್ನು ಇತ್ಯರ್ಥ ಮಾಡಿಬಿಡೋಣ.

ಬೆರಳಿನಿಂದ ಉಜ್ಜಿದರೆ ಚಮಚದ ಕತ್ತು ಬಿಸಿಯಾಗುತ್ತದೆ, ಬಿಸಿಯಾದ ಲೋಹ ಮೆತ್ತಗಾಗುತ್ತದೆ, ಮೆತ್ತಗಾದದ್ದು ಬಗ್ಗುತ್ತದೆ ಎಂಬುದು ಜನರ ತರ್ಕ. ಕೇಳಲು ಚೆನ್ನಾಗಿಯೇ ಇದೆ, ಆದರೆ ನಿಮ್ಮ ಅಡುಗೆಮನೆಯೇ ಇದನ್ನು ದಿನಕ್ಕೆರಡು ಸಲ ಸುಳ್ಳು ಮಾಡುತ್ತಿದೆ. ಕುದಿಯುವ ಸಾರಿನಲ್ಲಿ ಅರ್ಧ ಗಂಟೆ ಬಿಟ್ಟ ಸೌಟು ನೂರು ಡಿಗ್ರಿಯ ಹತ್ತಿರಕ್ಕೆ ಕಾದಿರುತ್ತದೆ. ಅದು ಪಾತ್ರೆಯ ಅಂಚಿನಿಂದ ಬಾಡಿದ ಬಾಳೆಲೆಯಂತೆ ಜೋತುಬಿದ್ದದ್ದನ್ನು ಯಾರಾದರೂ ಕಂಡಿದ್ದೀರಾ? ಒಗ್ಗರಣೆ ಸೌಟನ್ನು ನೇರವಾಗಿ ಉರಿಯ ಮೇಲೆಯೇ ಹಿಡಿಯುತ್ತೇವೆ, ಸಾಸಿವೆ ಸಿಡಿಯುವ ಹೊತ್ತಿಗೆ ಅದರ ಎಣ್ಣೆ ಕುದಿಯುವ ನೀರಿಗಿಂತ ಬಹಳ ಬಿಸಿಯಾಗಿರುತ್ತದೆ, ಆದರೂ ಸೌಟು ಸೊಟ್ಟಗಾಗುವುದಿಲ್ಲ. ನಮ್ಮ ಕಡೆಯ ಆಲೆಮನೆಗಳಲ್ಲಿ ಕಬ್ಬಿನ ಹಾಲು ಬೆಲ್ಲದ ಪಾಕಕ್ಕೆ ಬರುವಾಗ 115 ಡಿಗ್ರಿ ದಾಟಿರುತ್ತದೆ, ಕೆಳಗೆ ಕಬ್ಬಿನ ಸಿಪ್ಪೆ ಧಗಧಗ ಉರಿಯುತ್ತಿರುತ್ತದೆ. ಕೊಪ್ಪರಿಗೆ ಮೆತ್ತಗಾಗಿ ಕುಸಿದಿದ್ದರೆ ಮಂಡ್ಯದಲ್ಲಿ ಒಂದು ಅಚ್ಚು ಬೆಲ್ಲವೂ ಆಗುತ್ತಿರಲಿಲ್ಲ.

ಸ್ಟೇನ್‌ಲೆಸ್ ಸ್ಟೀಲ್ ಕರಗುವುದು ಸುಮಾರು 1400 ಡಿಗ್ರಿಯಲ್ಲಿ. ಕರಗುವುದು ಹಾಗಿರಲಿ, ಕೈಗೆ ಗೊತ್ತಾಗುವಷ್ಟು ಮೆತ್ತಗಾಗಬೇಕಾದರೂ ಅದು ಕುಲುಮೆಯಲ್ಲಿ ಕೆಂಪಗೆ ಕಾಯಬೇಕು. ನಿಮ್ಮ ಬೆರಳಾದರೋ ನಲವತ್ತೈದು ಡಿಗ್ರಿಯ ಆಸುಪಾಸಿನಲ್ಲೇ ನೋವೆಂದು ಹಿಂದೆ ಸರಿಯುತ್ತದೆ. ಉಕ್ಕನ್ನು ಮೆತ್ತಗೆ ಮಾಡುವಷ್ಟು ಬಿಸಿ ಉಜ್ಜುವುದರಿಂದ ಹುಟ್ಟುವಂತಿದ್ದರೆ, ಚಮಚ ಬಗ್ಗುವುದಕ್ಕೆ ಮೊದಲು ನೀವು ಆಸ್ಪತ್ರೆ ಸೇರುತ್ತಿದ್ದಿರಿ.

ಇಷ್ಟು ಹೇಳಿದ ಮೇಲೂ ಕೆಲವರು, ‘ಬಗ್ಗಿದ ಚಮಚವನ್ನು ನಾನೇ ಮುಟ್ಟಿ ನೋಡಿದ್ದೇನೆ, ಬೆಚ್ಚಗಿತ್ತು’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಕಾರಣವನ್ನೂ ಪರಿಣಾಮವನ್ನೂ ಅದಲುಬದಲು ಮಾಡಿಕೊಂಡಿದ್ದಾರೆ, ಅಷ್ಟೆ. ಬಿಸಿಯಾದದ್ದರಿಂದ ಚಮಚ ಬಗ್ಗಿದ್ದಲ್ಲ, ಬಗ್ಗಿದ್ದರಿಂದ ಬಿಸಿಯಾಯಿತು. ಲೋಹವನ್ನು ಬಗ್ಗಿಸಲು ಕೈ ಹಾಕುವ ಶ್ರಮದ ಬಹುಪಾಲು ಆ ಮಡಿಕೆಯಲ್ಲೇ ಶಾಖವಾಗಿ ಮಾರ್ಪಡುತ್ತದೆ. ದಪ್ಪನೆಯ ತಂತಿಯೊಂದನ್ನು ಒಂದೇ ಜಾಗದಲ್ಲಿ ಅತ್ತಿಂದಿತ್ತ ಏಳೆಂಟು ಸಲ ಬೇಗಬೇಗ ಬಗ್ಗಿಸಿ, ಆ ಜಾಗವನ್ನು ಮೇಲ್ತುಟಿಗೆ ಮೆಲ್ಲಗೆ ತಾಗಿಸಿ ನೋಡಿ. ತರಗತಿಯಲ್ಲಿ ಇದನ್ನು ಮಾಡಿಸಿದಾಗಲೆಲ್ಲ ಹಿಂದಿನ ಬೆಂಚಿನಿಂದಲೂ ‘ಹಾ’ ಎಂಬ ಉದ್ಗಾರ ಬಂದಿದೆಯೆಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇನೆ.

ಇನ್ನೂ ಒಪ್ಪದವರಿಗಾಗಿ ಒಂದು ಹಳೆಯ ಸಂಗತಿ. ಚಮಚ ಬಗ್ಗಿಸಿಯೇ ಜಗತ್ಪ್ರಸಿದ್ಧರಾದ ಯೂರಿ ಗೆಲರ್ 1973ರಲ್ಲಿ ಅಮೆರಿಕದ ಜಾನಿ ಕಾರ್ಸನ್ ಅವರ ದೂರದರ್ಶನ ಕಾರ್ಯಕ್ರಮಕ್ಕೆ ಬಂದರು. ಕಾರ್ಯಕ್ರಮದವರು ಜಾದೂಗಾರ ಜೇಮ್ಸ್ ರ‍್ಯಾಂಡಿಯವರ ಸಲಹೆಯಂತೆ ಚಮಚ ಮೊದಲಾದ ಸಾಮಾನುಗಳನ್ನು ತಾವೇ ಒದಗಿಸಿ, ಪ್ರದರ್ಶನಕ್ಕೆ ಮುನ್ನ ಗೆಲರ್ ಕಡೆಯವರು ಅವುಗಳ ಬಳಿ ಸುಳಿಯದಂತೆ ನೋಡಿಕೊಂಡರು. ಅಂದು ಗೆಲರ್‌ಗೆ ಏನನ್ನೂ ಮಾಡಿ ತೋರಿಸಲಾಗಲಿಲ್ಲ. ಉಜ್ಜುವುದರಲ್ಲೇ ಶಕ್ತಿಯಿದ್ದರೆ ಚಮಚವನ್ನು ಯಾರು ತಂದರೇನು?

ಹಾಗಾದರೆ ಬಗ್ಗಿಸುವುದು ಯಾವುದು? ಕೈ. ಪ್ರೇಕ್ಷಕರ ಕಣ್ಣು ಬೇರೆಡೆಗೆ ಹೋದ ಒಂದು ಗಳಿಗೆಯಲ್ಲಿ ಕೈ ಮಾಡುವ ಕೆಲಸ ಅದು. ಉಜ್ಜುವುದು ಬರಿಯ ನಟನೆ. ಆ ಗಳಿಗೆಯನ್ನು ಹೇಗೆ ಹುಟ್ಟಿಸಬೇಕೆಂಬುದನ್ನು ಗುರುಗಳ ಬಳಿ ಕಲಿಯಬೇಕು, ಅದನ್ನು ಇಲ್ಲಿ ಬಯಲು ಮಾಡುವುದಿಲ್ಲ.

ವಿಶೇಷ ಲೋಹಗಳು ಇಲ್ಲವೆಂದಲ್ಲ. ಗ್ಯಾಲಿಯಂ ಎಂಬ ಲೋಹ 30 ಡಿಗ್ರಿಗೂ ಸ್ವಲ್ಪ ಮೊದಲೇ ಕರಗುತ್ತದೆ. ಅದರಲ್ಲಿ ಎರಕ ಹೊಯ್ದ ಚಮಚ ಬಿಸಿ ಕಾಫಿಯಲ್ಲಿ ಮಾಯವಾಗುತ್ತದೆ, ಏಪ್ರಿಲ್ ತಿಂಗಳ ಮೈಸೂರಿನಲ್ಲಾದರೆ ಬೀರುವಿನೊಳಗೇ ಮಾಯವಾದೀತು. ನಿಕ್ಕಲ್ ಮತ್ತು ಟೈಟೇನಿಯಂ ಸೇರಿದ ನಿಟಿನಾಲ್ ಬಿಸಿನೀರು ತಾಗಿದೊಡನೆ ತನ್ನ ಹಳೆಯ ಆಕಾರಕ್ಕೆ ಮರಳುತ್ತದೆ, ಆದರೆ ಬಿಸಿನೀರಿಲ್ಲದೆ ಆಟ ನಡೆಯುವುದಿಲ್ಲ. ಇವೆರಡೂ ನಿಮಗೆ ಬೇಡ.

ನಿಮಗೆ ಬೇಕಾದದ್ದು ಸಾಮಾನ್ಯ ಸ್ಟೀಲ್ ಚಮಚ, ಆದರೆ ಆರಿಸಿದ್ದು. ದರ್ಶಿನಿಗಳಲ್ಲಿ ಉಪ್ಪಿಟ್ಟಿನ ಜೊತೆ ಕೊಡುವ ತೆಳು ತಗಡಿನ ಚಮಚವನ್ನು ಬಿಟ್ಟುಬಿಡಿ. ಅದು ಬಗ್ಗುತ್ತದೆಂಬುದು ಪ್ರೇಕ್ಷಕರಿಗೂ ಗೊತ್ತು. ಟೀ ಚಮಚದ ಹಿಡಿ ಗಿಡ್ಡ, ಸನ್ನೆಗೋಲಿನಂತೆ ಮೀಟಲು ಉದ್ದ ಸಾಲದು. ನೋಡಲು ದಪ್ಪಗಿದ್ದು, ಹಿಡಿ ಉದ್ದವಾಗಿದ್ದು, ಬಟ್ಟಲಿಗೆ ಸೇರುವ ಕತ್ತಿನಲ್ಲಿ ಮಾತ್ರ ಸಣ್ಣಗೂ ತೆಳ್ಳಗೂ ಇರುವ ಊಟದ ಚಮಚವನ್ನು ಹುಡುಕಿ. ಕತ್ತಿನ ದಪ್ಪ 1 ಮಿಲಿಮೀಟರ್‌ನಿಂದ 2ಕ್ಕೆ ಏರಿದರೆ ಬೇಕಾಗುವ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಹಿಡಿಯ ಉದ್ದ ಎರಡು ಪಟ್ಟಾದರೆ ಬಲ ಅರ್ಧ ಸಾಕು. ನನ್ನ ಕೈಗೆ ಒಂದೂವರೆ ಮಿಲಿಮೀಟರ್ ಹಿತ. ಶಾಲೆಯ ಪ್ರಯೋಗಾಲಯದಲ್ಲಿ ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್ಸ್ ದೂಳು ತಿನ್ನುತ್ತಿರುತ್ತದಲ್ಲ, ಅದಕ್ಕೂ ಒಂದು ಕೆಲಸವಾಯಿತು. ಕತ್ತಿನ ಉದ್ದಕ್ಕೂ ಏಣು ಎದ್ದಿರುವಂತೆ ಒತ್ತಿದ ಚಮಚವನ್ನು ತರಬೇಡಿ, ಆ ಏಣೇ ಅದರ ಬೆನ್ನೆಲುಬು. ಚಾಕುವಿನ ಅಲಗನ್ನಂತೂ ಬಗ್ಗಿಸಲು ಹೋಗಲೇಬೇಡಿ: ಅದು ಹದ ಕೊಟ್ಟು ಗಡುಸು ಮಾಡಿದ ಉಕ್ಕು, ಬಗ್ಗುವ ಬದಲು ಮುರಿದು ಕಣ್ಣಿಗೆ ಹಾರೀತು.

ಸಂತೆಪೇಟೆಯ ಪಾತ್ರೆ ಅಂಗಡಿಗಳಲ್ಲಿ ಇಂಥವು ಧಾರಾಳವಾಗಿ ಸಿಗುತ್ತವೆ. ಒಂದು ಡಜನ್ ಒಟ್ಟಿಗೆ ಕೊಳ್ಳದೆ, ಬಗೆಗೊಂದರಂತೆ ತಂದು ಮನೆಯಲ್ಲಿ ಬಗ್ಗಿಸಿ ನೋಡಿ. ನಾನೊಮ್ಮೆ ಅವಸರಪಟ್ಟು ಅಂಗಡಿಯಲ್ಲೇ ಪರೀಕ್ಷೆಗಿಳಿದಾಗ ಮಾಲೀಕರು ತಕ್ಕಡಿಯಿಂದ ತಲೆಯೆತ್ತದೆ, “ಮೇಷ್ಟ್ರೇ, ದುಡ್ಡು ಕೊಟ್ಟು ಆಮೇಲೆ ಬಗ್ಸಿ” ಎಂದರು. ಹೋಗುವಾಗ ಜೇಬಿನಲ್ಲೊಂದು ಅಯಸ್ಕಾಂತವಿರಲಿ. ಅದು ಬಲವಾಗಿ ಅಂಟುವ ಚಮಚದಲ್ಲಿ ಕ್ರೋಮಿಯಂ ಇದ್ದು ನಿಕ್ಕಲ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಬೆಲೆಯೂ ಕಡಿಮೆ, ಅಭ್ಯಾಸಕ್ಕೆ ಅದೇ ಸಾಕು. ಅಂಟದಿದ್ದರೆ ಅದು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುವ ಒಳ್ಳೆಯ ಬಗೆಯಿರಬಹುದು, ಇಲ್ಲವೇ ನಿಕ್ಕಲ್ ಉಳಿಸಲು ಮ್ಯಾಂಗನೀಸ್ ಬೆರೆಸಿದ ಅಗ್ಗದ ಬಗೆಯಿರಬಹುದು. ಎರಡನೆಯದು ಕೈಗೆ ಹೆಚ್ಚು ಗಡುಸು.

ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ: ಬಗ್ಗಿದ ಚಮಚವನ್ನು ಮತ್ತೆ ನೆಟ್ಟಗೆ ಮಾಡಬಹುದೇ? ಪೂರ್ತಿ ಆಗುವುದಿಲ್ಲ. ಬಗ್ಗಿದ ಜಾಗದ ಲೋಹ ಬಗ್ಗಿದ್ದರಿಂದಲೇ ಗಟ್ಟಿಯಾಗಿರುತ್ತದೆ. ಹಿಂದಕ್ಕೆ ಒತ್ತಿದರೆ ಆ ಮಡಿಕೆ ಬಿಟ್ಟುಕೊಡದೆ, ಅದರ ಅಕ್ಕಪಕ್ಕದ ಮೆದು ಭಾಗ ಬಗ್ಗಿ, ಕತ್ತಿನಲ್ಲಿ ಹಾವಿನಂಥ ಸಣ್ಣ ಡೊಂಕು ಉಳಿದುಬಿಡುತ್ತದೆ. ಪಾತ್ರೆ ಬಡಿಯುವವರು ತಾಮ್ರವನ್ನು ನಡುನಡುವೆ ಕಾಸಿ ತಣಿಸುವುದು ಈ ಗಡಸುತನವನ್ನು ಕಳೆಯಲಿಕ್ಕೇ. ನಿಕ್ಕಲ್ ಇರುವ ಚಮಚದಲ್ಲಿ ಇನ್ನೊಂದು ಸೋಜಿಗವಿದೆ: ಮೊದಲು ಅಯಸ್ಕಾಂತ ಅಂಟದಿದ್ದ ಕತ್ತನ್ನು ಚೆನ್ನಾಗಿ ಬಗ್ಗಿಸಿದ ಮೇಲೆ, ಬಲವಾದ ಪುಟ್ಟ ಅಯಸ್ಕಾಂತವನ್ನು ದಾರದಲ್ಲಿ ಇಳಿಬಿಟ್ಟು ಮಡಿಕೆಯ ಹತ್ತಿರ ತಂದರೆ ಅದು ಮೆಲ್ಲಗೆ ಅತ್ತ ಸರಿಯುತ್ತದೆ. ಒಳಗಿನ ಹರಳುಗಳ ಜೋಡಣೆಯೇ ಬಗ್ಗುವಾಗ ಅಲ್ಲಲ್ಲಿ ಬದಲಾಗಿರುತ್ತದೆ.

ಅಭ್ಯಾಸದಲ್ಲಿ ಹಾಳಾದ ಚಮಚಗಳನ್ನು ಗುಜರಿಗೆ ಹಾಕುವುದಾದರೆ, ಅಂಟುವುದನ್ನೂ ಅಂಟದ್ದನ್ನೂ ಬೇರೆ ಬೇರೆ ಚೀಲದಲ್ಲಿ ಒಯ್ಯಿರಿ. ಗುಜರಿಯವರು ಮೊದಲು ತೆಗೆಯುವುದೂ ಅಯಸ್ಕಾಂತವನ್ನೇ, ಮತ್ತು ನಿಕ್ಕಲ್ ಇರುವುದಕ್ಕೆ ಬೆಲೆ ಹೆಚ್ಚು.