ಶಾಂತಿಕಾಲದ ಶೌರ್ಯ

ಜನವರಿ 26 ಹತ್ತಿರವಾದರೆ ಪತ್ರಿಕೆಗಳಲ್ಲಿ ‘ಶಾಂತಿಕಾಲದ ಅತ್ಯುನ್ನತ ಶೌರ್ಯ ಪ್ರಶಸ್ತಿ ಅಶೋಕ ಚಕ್ರ’ ಎಂಬ ಸಾಲು ಕಣ್ಣಿಗೆ ಬೀಳುತ್ತದೆ. ಶಾಂತಿಕಾಲ ಅಂದರೆ ಯುದ್ಧವಿಲ್ಲದ ಕಾಲ ಎಂದುಕೊಳ್ಳುತ್ತೇವೆ. ಆದರೆ ನಿಯಮ ಕಾಲವನ್ನು ನೋಡುವುದಿಲ್ಲ, ಎದುರಿಗೆ ಶತ್ರು ಇದ್ದನೇ ಎಂದು ನೋಡುತ್ತದೆ. ರಣರಂಗದಲ್ಲಿ ಶತ್ರುವಿಗೆ ಎದೆಗೊಟ್ಟವರಿಗೆ ಪರಮವೀರ, ಮಹಾವೀರ, ವೀರ ಚಕ್ರಗಳು. ಬೇರೆಡೆ ಮೆರೆದ ಸಾಹಸಕ್ಕೆ ಅಶೋಕ, ಕೀರ್ತಿ, ಶೌರ್ಯ ಚಕ್ರಗಳು.

ಕೆಲವು ಪ್ರಸಂಗಗಳಲ್ಲಿ ಗೊಂದಲವೇ ಇಲ್ಲ. 1952ರ ಫೆಬ್ರವರಿಯಲ್ಲಿ ಕೊಡಗಿನ ತಿಮ್ಮಯ್ಯ ಸೇರಿದಂತೆ ಹಿರಿಯ ಸೇನಾಧಿಕಾರಿಗಳನ್ನು ಲಖನೌದಿಂದ ದೆಹಲಿಗೆ ಕರೆತರುತ್ತಿದ್ದ ವಿಮಾನದ ಎಂಜಿನ್‌ಗೆ ಬೆಂಕಿ ಹತ್ತಿತು. ಪೈಲಟ್ ಸುಹಾಸ್ ಬಿಸ್ವಾಸ್ ಅದನ್ನು ಸಂಡೀಲಾ ಬಳಿ ಬಯಲಲ್ಲಿ ಇಳಿಸಿ ಎಲ್ಲರನ್ನೂ ಉಳಿಸಿದರು. ಅವರಿಗೆ ಅಶೋಕ ಚಕ್ರ ಬಂತು. 2008ರ ನವೆಂಬರಿನಲ್ಲಿ ಮುಂಬೈನ ತಾಜ್ ಹೋಟೆಲಿನಲ್ಲಿ ಗುಂಡಿಗೆ ಬಲಿಯಾದ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರಿಗೂ ಮರಣೋತ್ತರವಾಗಿ ಅದೇ ಪದಕ. ಆ ರಾತ್ರಿಗಳನ್ನು ಶಾಂತಿಕಾಲ ಎನ್ನಲು ನನಗಂತೂ ನಾಲಿಗೆ ಏಳುವುದಿಲ್ಲ.

ಪದ ಇನ್ನೂ ಇಕ್ಕಟ್ಟಿಗೆ ಸಿಲುಕುವುದು ಯುದ್ಧಕೈದಿಗಳ ವಿಷಯದಲ್ಲಿ. ಬ್ರಿಟಿಷರಲ್ಲೂ ಇಂಥದೇ ಎರಡು ಸಾಲು: ಕದನಕ್ಕೆ ವಿಕ್ಟೋರಿಯಾ ಕ್ರಾಸ್, ಉಳಿದದ್ದಕ್ಕೆ 1940ರಲ್ಲಿ ಶುರುವಾದ ಜಾರ್ಜ್ ಕ್ರಾಸ್. ರಜಪೂತ್ ರೆಜಿಮೆಂಟಿನ ಕ್ಯಾಪ್ಟನ್ ಮತೀನ್ ಅಹ್ಮದ್ ಅನ್ಸಾರಿ 1941ರ ಡಿಸೆಂಬರಿನಲ್ಲಿ ಹಾಂಗ್‌ಕಾಂಗ್ ಪತನವಾದಾಗ ಜಪಾನೀಯರ ಕೈಗೆ ಸಿಕ್ಕರು. ಅರಸು ಮನೆತನದ ನೆಂಟಸ್ತಿಕೆ ಇರುವವರು ಎಂದು ಗೊತ್ತಾದೊಡನೆ ಅವರ ಮೇಲೆ ಒತ್ತಡ ಬಿತ್ತು: ನಿಷ್ಠೆ ಬದಲಿಸು, ಶಿಬಿರದಲ್ಲಿರುವ ಭಾರತೀಯ ಸಿಪಾಯಿಗಳನ್ನೂ ತಿರುಗಿಸು. ಅನ್ಸಾರಿ ಒಪ್ಪಲಿಲ್ಲ. ಸ್ಟ್ಯಾನ್ಲಿ ಜೈಲಿನಲ್ಲಿ ಉಪವಾಸ ಕೆಡವಿದರು, ಚಿತ್ರಹಿಂಸೆ ಕೊಟ್ಟರು. ಶಿಬಿರಕ್ಕೆ ಮರಳಿ ಕಳಿಸಿದ ಮೇಲೂ ಅವರು ಸುಮ್ಮನಿರದೆ ಬೇರೆ ಕೈದಿಗಳು ಪರಾರಿಯಾಗಲು ನೆರವಾದರು. 1943ರ ಅಕ್ಟೋಬರಿನಲ್ಲಿ ಮೂವತ್ತಕ್ಕೂ ಹೆಚ್ಚು ಕೈದಿಗಳೊಂದಿಗೆ ಅವರ ತಲೆ ಕಡಿದರು.

ಅವರಿಗೆ ಸಂದದ್ದು ಜಾರ್ಜ್ ಕ್ರಾಸ್, ಅಂದರೆ ‘ಶತ್ರುವಿನ ಎದುರಲ್ಲದ’ ಸಾಲಿನ ಪದಕ. ಶತ್ರು ಬೀಗದ ಕೈ ಹಿಡಿದು ಎದುರಲ್ಲೇ ನಿಂತಿದ್ದನಲ್ಲ? ನಿಯಮ ‘ಎದುರು’ ಎನ್ನುವುದು ಕದನದಲ್ಲಿ ಎದುರಾಗುವುದನ್ನು. ಆಯುಧ ಕಳೆದುಕೊಂಡ ಕೈದಿ ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ‘ಶಾಂತಿಕಾಲದ’ ಎಂದು ಓದಿದಾಗಲೆಲ್ಲ ‘ಕದನದಾಚೆಯ’ ಎಂದು ಮನಸ್ಸಿನಲ್ಲೇ ತಿದ್ದಿಕೊಳ್ಳುವುದು ಒಳ್ಳೆಯದು.

ಅನ್ಸಾರಿಯವರ ಪದಕ ಪ್ರಕಟವಾದದ್ದು 1946ರಲ್ಲಿ. ಆ ಹೊತ್ತಿಗೆ ನಿಜಕ್ಕೂ ಶಾಂತಿಕಾಲ ಬಂದಿತ್ತು.