ಕೊಯ್ಲಾದ ಮೇಲೆ ಗದ್ದೆಗೆ ಬರುವವರು

ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಮುಗಿದು ಮೂರು ವಾರ ಆಗಿತ್ತು. ಮನೆ ಕೆಳಗಿನ ಗದ್ದೆಯಲ್ಲಿ ಕೊಯ್ಲು ಮುಗಿದು, ಹುಲ್ಲು ಮೆದೆ ಸೇರಿತ್ತು. ಬೆಳಿಗ್ಗೆ ಏಳೂವರೆ. ಮಂಜು ಇನ್ನೂ ತೋಡಿನ ಮೇಲೇ ಮಲಗಿತ್ತು. ನಾನು ಬದುವಿನ ಮೇಲೆ ಕೂತು ಸುಮ್ನೆ ನೋಡುತ್ತಿದ್ದೆ. ಖಾಲಿ ಗದ್ದೆ ಅಂದುಕೊಂಡಿದ್ದೆ. ಅಷ್ಟರಲ್ಲಿ ದಾರಿಯಲ್ಲಿ ಒಂದು ಜೀಪು ಹಾರ್ನ್ ಮಾಡಿತು. ಕೂಳೆಯ ನಡುವಿಂದ ಹಿಡಿ ಮಣ್ಣು ಎರಚಿದ ಹಾಗೆ ಒಂದು ಹಿಂಡು ಪುರ್ ಎಂದು ಎದ್ದಿತು. ಪ್ರತಿ ಹಕ್ಕಿಯ ಸೊಂಟದ ಮೇಲೂ ಒಂದು ಬಿಳಿ ಚುಕ್ಕೆ ಮಿಂಚಿತು. ಒಂದು ಸುತ್ತು ಹಾಕಿ ಮತ್ತೆ ಅಲ್ಲೇ ಇಳಿದವು. ಇಪ್ಪತ್ತಮೂರು ಎಣಿಸಿದೆ.

ಇವು ಬಿಳಿ ಸೊಂಟದ ರಾಟವಾಳಗಳು. ಇಂಗ್ಲಿಷಿನಲ್ಲಿ ಮುನಿಯಾ ಎನ್ನುತ್ತಾರೆ. ಒಂದೊಂದರ ತೂಕ ಹತ್ತು, ಹನ್ನೆರಡು ಗ್ರಾಂ, ಅಷ್ಟೇ. ಕೊಡಗಿನಲ್ಲಿ ಇವುಗಳ ಜೊತೆ ಇನ್ನೂ ಎರಡು ಬಗೆ ಸುಲಭವಾಗಿ ಕಣ್ಣಿಗೆ ಬೀಳುತ್ತವೆ. ಹೊಟ್ಟೆಯ ಮೇಲೆ ಮೀನಿನ ಹುರುಪೆಯಂಥ ಗೆರೆಗಳಿದ್ದರೆ ಅದು ಚುಕ್ಕೆ ರಾಟವಾಳ. ಮುಖ, ಗಂಟಲು ಕಪ್ಪಾಗಿದ್ದು ಹೊಟ್ಟೆ ಕಂದುಗುಲಾಬಿಯಾಗಿದ್ದರೆ ಅದು ಕಪ್ಪು ಗಂಟಲಿನ ರಾಟವಾಳ. ಈ ಕೊನೆಯದನ್ನು ಕಂಡರೆ ಸ್ವಲ್ಪ ಹೊತ್ತು ಜಾಸ್ತಿ ನಿಂತು ನೋಡಿ. ನಮ್ಮ ಪಶ್ಚಿಮ ಘಟ್ಟದ ಕಡೆಯ ಬೆಟ್ಟಗಳು, ಶ್ರೀಲಂಕಾ, ಇವು ಬಿಟ್ಟರೆ ಜಗತ್ತಿನಲ್ಲಿ ಅದು ಕಾಣಸಿಗುವ ಜಾಗ ತುಂಬ ಕಡಿಮೆ.

ದಪ್ಪ ಕೊಕ್ಕಿನ, ಬೀಜ ತಿನ್ನುವ ಇಂಥ ಪುಟ್ಟ ಹಕ್ಕಿಗಳನ್ನೆಲ್ಲ ಜನ ಫಿಂಚ್ ಎಂದೇ ಕರೆಯುತ್ತಾರೆ. ಆದರೆ ವಿಜ್ಞಾನದ ಲೆಕ್ಕದಲ್ಲಿ ರಾಟವಾಳ ಒಂದು ಕುಟುಂಬ, ಗೀಜಗ ಇನ್ನೊಂದು, ಗುಬ್ಬಚ್ಚಿ ಮತ್ತೊಂದು. ನಿಜವಾದ ಫಿಂಚ್ ಕುಟುಂಬಕ್ಕೆ ಸೇರಿದ ರೋಸ್‌ಫಿಂಚ್ ನಮ್ಮ ಘಟ್ಟಗಳಿಗೆ ಚಳಿಗಾಲದ ನೆಂಟ. ಹಿಮಾಲಯದಲ್ಲೋ ಅದರ ಆಚೆಯ ಉತ್ತರದ ದೇಶಗಳಲ್ಲೋ ಮರಿ ಮಾಡಿ ಇಲ್ಲಿಗೆ ಬರುತ್ತದೆ. ಗಂಡಿನ ತಲೆ, ಎದೆಯ ಕೆಂಪು ಅದು ತಿಂದ ಆಹಾರದಿಂದ ಬಂದ ಬಣ್ಣ. ನಾಲ್ಕು ಕುಟುಂಬ ಆದರೂ ಬದುಕುವ ದಾರಿ ಒಂದೇ: ಬೀಜ.

ಬೀಜ ತಿನ್ನುವುದು ಅಂದರೆ ಸುಮ್ನೆ ನುಂಗುವುದು ಅಂತ ನಾನು ತುಂಬ ದಿನ ಅಂದುಕೊಂಡಿದ್ದೆ. ಪಾರಿವಾಳ ಹಾಗೇ ನುಂಗುತ್ತದೆ. ಅದರ ಹೊಟ್ಟೆಯೊಳಗಿನ ಕಲ್ಲುಗಳು ಅರೆಯುತ್ತವೆ. ರಾಟವಾಳ ಹಾಗಲ್ಲ. ಬೀಜವನ್ನು ನಾಲಿಗೆಯಿಂದ ಕೊಕ್ಕಿನ ಅಂಚಿಗೆ ತಂದು ಹಿಡಿಯುತ್ತದೆ. ಮೇಲಿನ ಕೊಕ್ಕಿನ ಒಳಗೆ ಬೀಜ ಕೂರುವುದಕ್ಕೆ ಗಾಡಿಯ ಜಾಡಿನಂಥ ಗೆರೆಗಳಿವೆ. ಕೆಳಕೊಕ್ಕಿನ ಚೂಪು ಅಂಚು ಸಿಪ್ಪೆಯನ್ನು ಒಡೆಯುತ್ತದೆ. ನಾಲಿಗೆ ಬೀಜವನ್ನು ಉರುಳಿಸುತ್ತದೆ, ಹೊಟ್ಟು ಪಕ್ಕದಿಂದ ಉದುರುತ್ತದೆ, ಅಕ್ಕಿ ಒಳಗೆ ಹೋಗುತ್ತದೆ. ಒನಕೆಯೂ ಮೊರವೂ ಎರಡೂ ಬಾಯಲ್ಲೇ ಇದ್ದ ಹಾಗೆ! ಒಂದು ಹುಲ್ಲುಬೀಜಕ್ಕೆ ಇದೆಲ್ಲ ಕಣ್ಣು ಮಿಟುಕಿಸುವಷ್ಟು ಹೊತ್ತು. ಬೈನಾಕ್ಯುಲರ್ ಇದ್ದರೆ ಕೊಕ್ಕಿನ ಎರಡೂ ಕಡೆಯಿಂದ ಹೊಟ್ಟು ಉದುರುವುದು ಕಾಣುತ್ತದೆ.

ಹೀಗಾಗಿ ಯಾವ ಕೊಕ್ಕಿಗೆ ಯಾವ ಬೀಜ ಎನ್ನುವುದು ಹಕ್ಕಿಗೆ ಸಾವು ಬದುಕಿನ ಪ್ರಶ್ನೆ. ಶಾಂತಸಾಗರದ ಗೆಲಾಪಗೋಸ್‌ನ ಡಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪದಲ್ಲಿ ಪೀಟರ್ ಮತ್ತು ರೋಸ್ಮರಿ ಗ್ರಾಂಟ್ ಎಂಬ ವಿಜ್ಞಾನಿ ದಂಪತಿ 1973ರಿಂದ ದಶಕಗಳ ಕಾಲ ಹಕ್ಕಿಗಳ ಕೊಕ್ಕು ಅಳೆದರು. 1977ರಲ್ಲಿ ಅಲ್ಲಿ ಮಳೆ ಕೈಕೊಟ್ಟಿತು. ಸಣ್ಣ, ಮೆದು ಬೀಜಗಳು ಮೊದಲು ಖಾಲಿಯಾದವು. ಉಳಿದದ್ದು ದೊಡ್ಡ, ಗಟ್ಟಿ ಬೀಜ, ನಮ್ಮ ನೆಗ್ಗಿಲು ಮುಳ್ಳಿನ ಜಾತಿಯದು. ಅಲ್ಲಿನ ನೆಲಫಿಂಚ್‌ಗಳಲ್ಲಿ ನೂರಕ್ಕೆ ಸುಮಾರು 85 ಸತ್ತವು. ಉಳಿದವುಗಳಲ್ಲಿ ದಪ್ಪ ಕೊಕ್ಕಿನವೇ ಜಾಸ್ತಿ. ಅವುಗಳ ಮರಿಗಳ ಕೊಕ್ಕೂ ದಪ್ಪವಾಯಿತು. ವಿಕಾಸ ನಡೆಯುವುದನ್ನು ಕಣ್ಣೆದುರೇ ಅಳೆದ ಕೆಲಸ ಅಂತ ಇದನ್ನು ಎಲ್ಲರೂ ಹೇಳುತ್ತಾರೆ. ನನಗೆ ಇದರಲ್ಲಿ ಇನ್ನೊಂದು ವಿಷಯ ಮುಖ್ಯ. ಆ ಹಕ್ಕಿಗಳು ಸತ್ತದ್ದು ಸುಗ್ಗಿಯಲ್ಲಲ್ಲ, ಬೀಜ ಮುಗಿದ ತಿಂಗಳುಗಳಲ್ಲಿ. ವರ್ಷದ ಒಂಬತ್ತು ತಿಂಗಳು ಹೊಟ್ಟೆ ತುಂಬ ಸಿಕ್ಕರೂ ಉಳಿದ ಮೂರು ತಿಂಗಳು ಏನೂ ಸಿಗದಿದ್ದರೆ ಹಿಂಡೇ ಹೋಗುತ್ತದೆ.

ನಮ್ಮ ಗದ್ದೆಯ ಹಿಂಡಿಗೆ ವಾಪಸ್ ಬರೋಣ. ಹತ್ತು ನಿಮಿಷ ನೋಡಿದರೆ ಒಂದು ವಿಷಯ ಗೊತ್ತಾಗುತ್ತದೆ. ಕೆಲವು ತಲೆ ತಗ್ಗಿಸಿ ಕುಪ್ಪಳಿಸುತ್ತಿರುತ್ತವೆ. ಕೆಲವು ತಲೆ ಎತ್ತಿ ಕುಪ್ಪಳಿಸುತ್ತಿರುತ್ತವೆ. ಕೆನಡಾದಲ್ಲಿ ಲೂಕ್ ಅಲೇನ್ ಜಿರಾಲ್ಡೋ ಮತ್ತು ಜೊತೆಯವರು ಚುಕ್ಕೆ ರಾಟವಾಳಗಳನ್ನೇ ಇಟ್ಟುಕೊಂಡು ಇದನ್ನು ಪರೀಕ್ಷಿಸಿದ್ದಾರೆ. ತಲೆ ತಗ್ಗಿಸಿದ್ದು ತಾನೇ ಬೀಜ ಹುಡುಕುತ್ತಿದೆ. ತಲೆ ಎತ್ತಿದ್ದು ಯಾರಿಗೆ ಬೀಜ ಸಿಕ್ಕಿತು ಅಂತ ನೋಡುತ್ತಿದೆ. ಸಿಕ್ಕವರ ಹತ್ತಿರ ಓಡಿ ಪಾಲು ತೆಗೆದುಕೊಳ್ಳುತ್ತದೆ. ಎಲ್ಲವೂ ಪಾಲಿಗೇ ಕಾದರೆ ಹುಡುಕುವವರು ಯಾರು? ಹಾಗಾಗಿ ಹಿಂಡಿನಲ್ಲಿ ಎರಡೂ ಬಗೆಯವು ಒಂದು ಹದದಲ್ಲಿ ಇರುತ್ತವೆ. ಬದುವಿನ ಮೇಲೆ ಕೂತು ಇದನ್ನು ಯಾರು ಬೇಕಾದರೂ ನೋಡಬಹುದು.

ಬಿಳಿ ಸೊಂಟದ ರಾಟವಾಳಕ್ಕೂ ಲ್ಯಾಬಿನ ನಂಟಿದೆ. ಇದೇ ಜಾತಿಯ ಚೀನಾದ ಕಡೆಯ ಹಕ್ಕಿಗಳನ್ನು ಜಪಾನಿನವರು ಸುಮಾರು 250 ವರ್ಷ ಸಾಕಿ ಸಾಕಿ ಬೆಂಗಾಲೀಸ್ ಫಿಂಚ್ ಎಂಬ ಸಾಕುಹಕ್ಕಿ ಮಾಡಿದರು. ಕಾಡಿನ ಹಕ್ಕಿಯ ಹಾಡು ಸರಳ, ಸಾಕಿದ ಹಕ್ಕಿಯ ಹಾಡು ಹೆಚ್ಚು ತಿರುವಿನದು ಎಂದು ಜಪಾನಿನ ವಿಜ್ಞಾನಿ ಕಜುವೋ ಒಕನೋಯಾ ತೋರಿಸಿದರು. ಮಾತು, ಹಾಡು ಮಿದುಳಿನಲ್ಲಿ ಹೇಗೆ ಹುಟ್ಟುತ್ತದೆ ಅಂತ ತಿಳಿಯಲು ಇಂದಿಗೂ ಆ ಹಕ್ಕಿ ಬೇಕು. ಅದರ ಕಾಡು ನೆಂಟ ಇಲ್ಲಿ ಕಾಫಿ ತೋಟದ ಬೇಲಿಯ ಮೇಲೆ ಕೂತಿದೆ!

ಈ ಹಕ್ಕಿಗಳ ಪಂಚಾಂಗವೇ ಗದ್ದೆ. ಜೂನ್‌ನಲ್ಲಿ ಅಗೆ ಹಾಕುತ್ತೇವೆ. ಆಗಲೇ ಅವುಗಳಿಗೆ ಕಷ್ಟದ ಕಾಲ. ನೆಲದಲ್ಲಿ ಉಳಿದ ಬೀಜವೆಲ್ಲ ಮೊದಲ ಮಳೆಗೆ ಮೊಳೆತುಬಿಡುತ್ತದೆ, ಹೊಸ ಹುಲ್ಲು ತೆನೆ ಬಿಡಲು ಇನ್ನೂ ವಾರಗಳು ಬೇಕು. ಆಫ್ರಿಕಾದಲ್ಲಿ ಗೀಜಗದ ನೆಂಟ ಕ್ವೀಲಿಯಾ ಎಂಬ ಹಕ್ಕಿ ಇದೇ ಕಾರಣಕ್ಕೆ ಮಳೆ ಬಂದ ಕೂಡಲೇ ಊರು ಬಿಟ್ಟು ದೂರ ಹಾರುತ್ತದೆ. ನಮ್ಮ ರಾಟವಾಳ ಅಷ್ಟು ದೂರ ಹೋಗುವುದಿಲ್ಲ. ಬದುವಿನ ಮೇಲೆ, ತೋಡಿನ ಅಂಚಿನಲ್ಲಿ ಬೇಗ ತೆನೆ ಬಿಡುವ ಹುಲ್ಲನ್ನು ನಂಬಿಕೊಂಡಿರುತ್ತದೆ. ಹುಲ್ಲು ಹಾಲು ತುಂಬಿದಾಗ ಗೂಡು ಕಟ್ಟುತ್ತದೆ. ಹುಲ್ಲಿನದೇ ಒಂದು ಚೆಂಡು, ಪಕ್ಕದಲ್ಲಿ ಬಾಗಿಲು. ನಾಟಿ ಮುಗಿದು ನಮ್ಮ ಕೈಲ್ ಪೊಳ್ದ್ ಹಬ್ಬ ಬರುವ ಹೊತ್ತಿಗೆ ಒಳಗೆ ಮರಿಗಳು ಕಿಚಿಪಿಚಿ ಅನ್ನುತ್ತಿರುತ್ತವೆ.

ಗೀಜಗ ಕೂಡ ಮಳೆಗಾಲದಲ್ಲೇ ಕಟ್ಟುವುದು. ಭತ್ತದ ಗರಿಯ ಅಂಚನ್ನು ಕೊಕ್ಕಿನಿಂದ ಕಚ್ಚಿ, ಉದ್ದಕ್ಕೆ ಸೀಳಿ, ನಾರು ತೆಗೆದು ಹೆಣೆಯುತ್ತದೆ. 1930ರಲ್ಲಿ ಸಲೀಂ ಅಲಿ ಮುಂಬೈ ಹತ್ತಿರದ ಕಿಹಿಮ್‌ನಲ್ಲಿ ಕೂತು ದಿನಗಟ್ಟಲೆ ಗೀಜಗ ನೋಡಿದರು. ಗಂಡು ಅರ್ಧ ಗೂಡು ಕಟ್ಟಿ ನಿಲ್ಲಿಸುತ್ತದೆ, ಹೆಣ್ಣು ಬಂದು ಒಳಹೊಕ್ಕು ಪರೀಕ್ಷೆ ಮಾಡುತ್ತದೆ, ಒಪ್ಪಿದರೆ ಮಾತ್ರ ಮುಂದಿನ ಕೆಲಸ. ಆ ಗೂಡು ಮುಗಿದ ಕೂಡಲೇ ಗಂಡು ಇನ್ನೊಂದು ಗೂಡು, ಇನ್ನೊಂದು ಹೆಣ್ಣು. ಈ ಸಂಗತಿಯೆಲ್ಲ ಹೊರಬಂದದ್ದು ಸಲೀಂ ಅಲಿಯವರ ಆ ತಾಳ್ಮೆಯಿಂದ. ಗೀಜಗ ದೊಡ್ಡದಾದ ಮೇಲೆ ಕಾಳು ತಿಂದರೂ ಅದರ ಮರಿಗೆ ಹುಳು ಬೇಕು. ಗುಬ್ಬಚ್ಚಿಯ ಮರಿಗೂ ಹಾಗೇ. ಗದ್ದೆಯಲ್ಲಿ ಹುಳು ಇಲ್ಲದಿದ್ದರೆ ಭತ್ತ ಎಷ್ಟಿದ್ದರೂ ಮರಿ ಬದುಕುವುದಿಲ್ಲ.

ಈಗ ಆ ಗದ್ದೆಗೇ ಏನಾಯಿತು ನೋಡಿ. ಕೊಡಗಿನ ಬೆಟ್ಟಗಳ ಮಡಿಲಿನಲ್ಲಿ ನೀರು ನಿಲ್ಲುವ ಜಾಗವೆಲ್ಲ ಒಂದು ಕಾಲಕ್ಕೆ ಗದ್ದೆ. ಅದಕ್ಕೆ ಹೊಂದಿಕೊಂಡ ಎತ್ತರದ ಜಾಗ ಬಾಣೆ. ಗದ್ದೆಗೆ ಸೊಪ್ಪು, ಒಲೆಗೆ ಸೌದೆ, ದನಕ್ಕೆ ಮೇವು ಸಿಗಲಿ ಅಂತ ಗದ್ದೆಯ ಜೊತೆ ಬಾಣೆಯನ್ನೂ ಕೊಡುತ್ತಿದ್ದರು. ಬಾಣೆ ಬಹಳ ಹಿಂದೆಯೇ ಕಾಫಿ ಆಯಿತು. ಗದ್ದೆ ಮಾತ್ರ ಉಳಿದಿತ್ತು. ಈಗ ಅದೂ ಒಂದೊಂದಾಗಿ ಹೋಗುತ್ತಿದೆ. ಭತ್ತದ ಕೊಯ್ಲೂ ಕಾಫಿ ಕೊಯ್ಲೂ ಒಟ್ಟಿಗೇ ಬರುತ್ತವೆ, ಆಳು ಸಿಗುವುದಿಲ್ಲ. ಸಿಕ್ಕರೂ ಭತ್ತದ ಬೆಲೆ ಕೂಲಿಗೆ ಸಾಲುವುದಿಲ್ಲ. ತೆನೆ ಬಲಿತ ಹೊತ್ತಿಗೆ ಆನೆ ಬರುತ್ತದೆ, ಒಂದೇ ರಾತ್ರಿಗೆ ವರ್ಷದ ಕೆಲಸ ಮಣ್ಣಾಗುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮಡಿಕೇರಿ, ಸೋಮವಾರಪೇಟೆ ಕಡೆ ಎಷ್ಟೋ ಗದ್ದೆಗಳ ಮೇಲೆ ಮಣ್ಣು, ಮರಳು ಬಂದು ಕೂತಿತು. ಭತ್ತ ಬಿಟ್ಟವರನ್ನು ನಾನು ಯಾವತ್ತೂ ದೂರುವುದಿಲ್ಲ. ನಮ್ಮದೇ ಮೂರು ಮಡಿ ನಾವೂ ಬಿಟ್ಟಿದ್ದೇವೆ.

ಬಿಟ್ಟ ಗದ್ದೆಯಲ್ಲಿ ಒಂದು ವಿಚಿತ್ರ ನಡೆಯಿತು. ಮೊದಲ ಎರಡು ವರ್ಷ ಹುಲ್ಲು ಸೊಂಟದ ಮಟ್ಟ ಬೆಳೆದು ರಾಟವಾಳಗಳು ಎಂದಿಗಿಂತ ಜಾಸ್ತಿ ಬಂದವು. ಸಂಜೆ ಹೊತ್ತು ಹುಲ್ಲಿನ ಕಡ್ಡಿಗಳೆಲ್ಲ ಅವುಗಳ ಭಾರಕ್ಕೆ ಬಾಗುತ್ತಿದ್ದವು. ಹಾಗಾದರೆ ಹಕ್ಕಿಗೆ ಒಳ್ಳೆಯದೇ ಆಯಿತಲ್ವಾ ಅಂದುಕೊಂಡೆ. ಮೂರನೇ ವರ್ಷ ಪೊದೆ, ಲಂಟಾನ ನುಗ್ಗಿದವು, ಹುಲ್ಲು ಹಿಂದೆ ಸರಿಯಿತು. ಪಕ್ಕದ ಗದ್ದೆಗೆ ಶುಂಠಿ ಬಂತು. ಶುಂಠಿಯ ಮಡಿಯಲ್ಲಿ ಒಂದು ಹುಲ್ಲು ಕಡ್ಡಿ ತಲೆ ಎತ್ತದಂತೆ ಕಳೆನಾಶಕ, ಎಲೆಗೆ ಔಷಧಿ, ಗಡ್ಡೆಗೆ ಔಷಧಿ. ಅದರ ಆಚೆಯ ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ಇಟ್ಟರು. ಹಿಂಡು ನಲವತ್ತರಿಂದ ಹನ್ನೆರಡಕ್ಕೆ ಇಳಿದದ್ದು ಆ ವರ್ಷ. ಹೊಲದಲ್ಲಿ ಬೆಳೆ ಬೇರೆಯಾದದ್ದಕ್ಕಿಂತ, ಬದುವಿನ ಹುಲ್ಲು ಹೋದದ್ದು ಅವುಗಳಿಗೆ ದೊಡ್ಡ ಪೆಟ್ಟು ಅಂತ ನನಗೆ ಅನ್ನಿಸುತ್ತದೆ.

ಇದು ನಮ್ಮ ಒಂದು ಊರಿನ ಕಥೆ ಅಲ್ಲ. ಇಂಗ್ಲೆಂಡಿನಲ್ಲಿ ಹೊಲದ ಹಕ್ಕಿಗಳು 1970ರಿಂದ ಈಚೆಗೆ ಅರ್ಧಕ್ಕಿಂತ ಕಡಿಮೆಯಾಗಿವೆ. ಅಲ್ಲಿನ ಒಂದು ಕಾರಣ ಕೇಳಿದರೆ ನಮಗೆ ತಟ್ಟನೆ ಅರ್ಥವಾಗುತ್ತದೆ. ಮೊದಲು ಅವರು ವಸಂತದಲ್ಲಿ ಬಿತ್ತುತ್ತಿದ್ದರು. ಚಳಿಗಾಲವಿಡೀ ಕೂಳೆ ಹಾಗೇ ಇರುತ್ತಿತ್ತು, ಉದುರಿದ ಕಾಳನ್ನು ಫಿಂಚ್‌ಗಳು ಹೆಕ್ಕುತ್ತಿದ್ದವು. ಆಮೇಲೆ ಚಳಿಗೆ ಮುಂಚೆಯೇ ಉತ್ತು ಬಿತ್ತುವ ಪದ್ಧತಿ ಬಂತು. ಕೂಳೆ ಹೋಯಿತು, ಲಿನೆಟ್‌ನಂಥ ಫಿಂಚ್‌ಗಳು ಅದರ ಹಿಂದೆ ಹೋದವು. 2023ರಲ್ಲಿ ಯುರೋಪಿನ 28 ದೇಶಗಳ 20 ಸಾವಿರಕ್ಕೂ ಹೆಚ್ಚು ಜಾಗಗಳ ಲೆಕ್ಕವನ್ನು ವಿಜ್ಞಾನಿಗಳು ಸೇರಿಸಿ ನೋಡಿದರು. 1980ರಿಂದ 2016ರ ನಡುವೆ ಹೊಲದ ಹಕ್ಕಿಗಳು ನೂರಕ್ಕೆ 57ರಷ್ಟು ಇಳಿದಿದ್ದವು. ಎಲ್ಲಕ್ಕಿಂತ ದೊಡ್ಡ ಕಾರಣ ರಾಸಾಯನಿಕ ಗೊಬ್ಬರ, ಕೀಟನಾಶಕ ಸುರಿಯುವ ಬೇಸಾಯ ಎಂದು ಅವರು ಹೇಳಿದರು. ಆದರೆ ಅದೇ ಇಂಗ್ಲೆಂಡಿನಲ್ಲಿ ಗೋಲ್ಡ್‌ಫಿಂಚ್ ಹೆಚ್ಚಾಗಿದೆ. ಜನ ಮನೆ ತೋಟದಲ್ಲಿ ಅದಕ್ಕೆ ಕಾಳು ತೂಗುಹಾಕುತ್ತಾರೆ. ಯಾವ ಕಾಳು ಗೊತ್ತಾ? ಹುಚ್ಚೆಳ್ಳು! ನಾವು ಚಟ್ನಿಪುಡಿ ಮಾಡುವ ಹುಚ್ಚೆಳ್ಳು. ನಮ್ಮ ದೇಶದಿಂದಲೂ ಹಕ್ಕಿ ಆಹಾರವಾಗಿ ಹಡಗಿನಲ್ಲಿ ಹೋಗುತ್ತದೆ.

ವಿಷದ ವಿಷಯ ಇನ್ನೂ ಸ್ವಲ್ಪ ಹೇಳಬೇಕು. ಹಕ್ಕಿ ಸತ್ತು ಬಿದ್ದರೆ ಮಾತ್ರ ನಮಗೆ ಕಾಣುತ್ತದೆ. ಸಾಯದ ಹಕ್ಕಿಗೂ ಪೆಟ್ಟು ಬೀಳುತ್ತದೆ. 2019ರಲ್ಲಿ ಕೆನಡಾದಲ್ಲಿ ಬಿಳಿ ಕಿರೀಟದ ಗುಬ್ಬಿ ಎಂಬ ವಲಸೆ ಹಕ್ಕಿಗೆ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕವನ್ನು ತೀರಾ ಸ್ವಲ್ಪ ಕೊಟ್ಟು ನೋಡಿದರು. ಔಷಧಿ ಹಚ್ಚಿದ ನಾಲ್ಕಾರು ಬೀಜ ತಿಂದರೆ ಸಿಗುವಷ್ಟು. ಆರು ಗಂಟೆಯಲ್ಲಿ ಅವುಗಳ ತೂಕ ನೂರಕ್ಕೆ 6ರಷ್ಟು ಇಳಿಯಿತು. ಮೇವು ಬಿಟ್ಟವು. ಹೊರಡಬೇಕಾದ ಪಯಣ ಮೂರೂವರೆ ದಿನ ತಡವಾಯಿತು. ಇಮಿಡಾಕ್ಲೋಪ್ರಿಡ್ ನಮ್ಮ ಊರಿನ ಗೊಬ್ಬರದ ಅಂಗಡಿಯಲ್ಲೂ ಸಿಗುತ್ತದೆ, ಭತ್ತಕ್ಕೂ ಹೊಡೆಯುತ್ತಾರೆ. ಹತ್ತು ಗ್ರಾಂ ಹಕ್ಕಿಗೆ ಎಷ್ಟು ಸಾಕು, ನೀವೇ ಯೋಚಿಸಿ.

ಭಾರತದ ಲೆಕ್ಕ 2023ರ ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್ ವರದಿಯಲ್ಲಿದೆ. 30 ಸಾವಿರಕ್ಕೂ ಹೆಚ್ಚು ಜನ ಬರೆದಿಟ್ಟ 3 ಕೋಟಿ ದಾಖಲೆಗಳು, 942 ಜಾತಿಯ ಹಕ್ಕಿಗಳು. ದೀರ್ಘಕಾಲದ ಏರಿಳಿತ ಹೇಳಲು ಸಾಧ್ಯವಾದ 338 ಜಾತಿಗಳಲ್ಲಿ ನೂರಕ್ಕೆ 60ರಷ್ಟು ಇಳಿಮುಖ. ಬಯಲು, ಹುಲ್ಲುಗಾವಲು ನಂಬಿದ ಹಕ್ಕಿಗಳ ಸ್ಥಿತಿ ಹೆಚ್ಚು ಕಷ್ಟ. ನಮ್ಮ ರಾಜ್ಯಪಕ್ಷಿ ನೀಲಕಂಠವೂ ಆ ಇಳಿಮುಖದ ಪಟ್ಟಿಯಲ್ಲಿದೆ. ಗುಬ್ಬಚ್ಚಿಯ ಬಗ್ಗೆ ಮಾತ್ರ ಸ್ವಲ್ಪ ಸಮಾಧಾನ. 2020ರ ವರದಿಯ ಪ್ರಕಾರ ಅದು ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ಕಡಿಮೆಯಾಗಿದ್ದರೂ ದೇಶದ ಒಟ್ಟು ಲೆಕ್ಕದಲ್ಲಿ ಹೆಚ್ಚುಕಡಿಮೆ ಹಾಗೇ ಇದೆ.

ಕೊಡಗಿನಲ್ಲಿ ಕಾಡಿಗೆ ಕಾವಲಿದೆ. ನಾಗರಹೊಳೆ ಇದೆ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯಗಳಿವೆ. ಅವು ಬೇಕೇ ಬೇಕು. ಆದರೆ ರಾಟವಾಳ, ಗೀಜಗ, ಟಿಟ್ಟಿಭ ಬದುಕುವುದು ಆ ಗಡಿಯ ಹೊರಗೆ, ಯಾರದೋ ಪಹಣಿಯಲ್ಲಿ ಹೆಸರಿರುವ ಜಾಗದಲ್ಲಿ. ಅಲ್ಲಿ ಏನಾಗುತ್ತದೆ ಎನ್ನುವುದು ಆ ಮನೆಯವರ ಕೈಯಲ್ಲಿದೆ. ಭತ್ತ ಬೆಳೆಯುವವರಿಗೆ ಆ ಬೆಳೆಯಿಂದಲೇ ಹೊಟ್ಟೆ ತುಂಬುವ ಹಾಗೆ ಬೆಲೆ ಸಿಗಬೇಕು. ಅದಿಲ್ಲದೆ ಹಕ್ಕಿಗಾಗಿ ಗದ್ದೆ ಉಳಿಸಿ ಅಂತ ಅವರಿಗೆ ಹೇಳುವುದು ನ್ಯಾಯ ಅಲ್ಲ.

ನಾವು ಮಾಡಿದ್ದು ಚಿಕ್ಕ ಕೆಲಸ. ಬದುವಿನ ಹುಲ್ಲನ್ನು ಒಂದೇ ಸಲ ಸವರುವುದು ಬಿಟ್ಟೆವು. ಒಂದು ಬದಿ ಈಗ, ಇನ್ನೊಂದು ಬದಿ ಬೀಜ ಉದುರಿದ ಮೇಲೆ. ತೋಡಿನ ಅಂಚಿಗೆ ಕಳೆನಾಶಕ ಹೊಡೆಯುವುದಿಲ್ಲ. ಕೊಯ್ಲಾದ ಮೇಲೆ ಕೂಳೆಗೆ ಬೆಂಕಿ ಇಲ್ಲ. ಪ್ರತಿ ಭಾನುವಾರ ಹದಿನೈದು ನಿಮಿಷ ಎಣಿಸಿ ಬರೆದಿಡುತ್ತೇನೆ. ಪಕ್ಕದ ಮನೆಯ ಹುಡುಗಿ, ಆರನೇ ಕ್ಲಾಸು, ಈಗ ನನಗಿಂತ ಚುರುಕಾಗಿ ಎಣಿಸುತ್ತಾಳೆ. ಹಾರುವಾಗ ಎಣಿಸಬೇಡಿ, ಇಳಿಯುವಾಗ ಎಣಿಸಿ, ಅಂತ ಹೇಳಿಕೊಟ್ಟದ್ದು ಅವಳೇ.

ಅವತ್ತು ನಾನು ಇಪ್ಪತ್ತಮೂರು ಅಂತ ಬರೆದುಕೊಂಡಿದ್ದೆ. ಅವಳು ಚೀಟಿ ನೋಡಿ ತಲೆ ಅಲ್ಲಾಡಿಸಿದಳು. ಮೆದೆಯ ಹಿಂದೆ ಇನ್ನೂ ನಾಲ್ಕು ಇವೆ, ಅದರಲ್ಲಿ ಒಂದರ ಗಂಟಲು ಕಪ್ಪು ಎಂದಳು. ಹೋಗಿ ನೋಡಿದೆವು. ಇತ್ತು.