ದೊಡ್ಡ ಎಸ್‌ಎಂಪಿಎಸ್ ಹಾಕಿದರೆ ಕರೆಂಟ್ ಬಿಲ್ ಏರುತ್ತದಾ?

ಪ್ರಶ್ನೆ: ಅಣ್ಣಾ, ಗೇಮಿಂಗಿಗೆ ಒಂದು ಪಿಸಿ ಜೋಡಿಸಬೇಕು ಅಂತ ಇದ್ದೇನೆ. ಪ್ರೊಸೆಸರ್ ರೈಜೆನ್ 5 5600, ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 4060. ಎಸ್‌ಎಂಪಿಎಸ್, ಅಂದರೆ ಪಿಸಿಯ ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ, ಎಷ್ಟು ವಾಟಿನದು ಬೇಕು? 650 ವಾಟಿನದು ತರುತ್ತೇನೆ ಅಂದರೆ ಅಪ್ಪ ಬಿಡುತ್ತಿಲ್ಲ. ಬಿಲ್ ಕಟ್ಟಲು ಅಡಿಕೆ ತೋಟ ಮಾರಬೇಕಾದೀತು ಅನ್ನುತ್ತಾರೆ. — ಬದಿಯಡ್ಕದ ಓದುಗ

ಉತ್ತರ: ಒಳ್ಳೆಯ ಕಂಪೆನಿಯ 550 ವಾಟಿನದು ಸಾಕು. 650 ಆದರೂ ತೊಂದರೆ ಇಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಿಮ್ಮ ಅಪ್ಪ ಹೇಳಿದ್ದನ್ನು ಹಾಗೇ ಬಿಡಲು ಮನಸ್ಸು ಬರುತ್ತಿಲ್ಲ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಯಾರೇ ಪಿಸಿ ಜೋಡಿಸಲು ಹೊರಟರೂ ಕೊನೆಗೆ ಇದೇ ಮಾತಿಗೆ ಬಂದು ನಿಲ್ಲುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಅಪ್ಪನ ಲೆಕ್ಕ ತಪ್ಪು. ಆದರೆ ಆ ತಪ್ಪಿಗೆ ಕಾರಣ ಇದೆ. ಮನೆಯ ಬೇರೆ ಸಾಮಾನಿನ ಮೇಲೆ ಬರೆದ ವಾಟ್ ಅಂದರೆ ಅದು ಎಳೆಯುವ ಕರೆಂಟು. 2000 ವಾಟಿನ ಗೀಸರ್ ನೀರು ಕಾಯಿಸುವಷ್ಟು ಹೊತ್ತು 2000 ವಾಟ್ ಎಳೆಯುತ್ತದೆ. ಬಲ್ಬು, ಇಸ್ತ್ರಿಪೆಟ್ಟಿಗೆ ಎಲ್ಲ ಹೀಗೆಯೇ. ಎಸ್‌ಎಂಪಿಎಸ್‌ನ ಮೇಲೆ ಬರೆಯುವ ಸಂಖ್ಯೆ ಮಾತ್ರ ಬೇರೆ. ಬೇಕೆಂದರೆ ಇಷ್ಟರವರೆಗೆ ಕೊಟ್ಟೇನು ಎಂದು ಅದು ಹೇಳುತ್ತದೆ, ಅಷ್ಟೆ. ಬೋರ್ಡು, ಕಾರ್ಡು ಎಷ್ಟು ಕೇಳುತ್ತವೋ ಅಷ್ಟೇ ಕೊಡುತ್ತದೆ. ಬಾವಿ ಆಳ ಇದೆ ಅಂತ ಯಾರೂ ಸುಮ್ನೆ ಎರಡು ಕೊಡಪಾನ ಜಾಸ್ತಿ ಸೇದುವುದಿಲ್ಲ, ಅಲ್ವಾ?

ಅಪ್ಪನಿಗೆ ಲೆಕ್ಕ ತೋರಿಸಿ. 4060 ಕಾರ್ಡಿಗೆ 115 ವಾಟ್. 5600 ಪ್ರೊಸೆಸರ್ ಜೋರಾಗಿ ಓಡಿದರೂ ಸುಮಾರು 76. ಬೋರ್ಡು, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನು ಎಲ್ಲ ಸೇರಿ 50 ಅಂತ ಇಟ್ಟುಕೊಳ್ಳಿ. ಒಟ್ಟು 240ರ ಆಸುಪಾಸು. ಎಸ್‌ಎಂಪಿಎಸ್ ತಾನೂ ಸ್ವಲ್ಪ ಬಿಸಿಯಾಗಿ ನಷ್ಟ ಮಾಡುತ್ತದೆ. 100ಕ್ಕೆ 85 ದಕ್ಕುತ್ತದೆ ಅಂದರೆ ಗೋಡೆಯಿಂದ ಎಳೆಯುವುದು 282 ವಾಟ್. 1000 ವಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್; ದಿನಕ್ಕೆ ಮೂರು ಗಂಟೆ ಆಡಿದರೆ 0.85 ಯೂನಿಟ್. ಇದರಲ್ಲಿ 450, 550, 650 ಎಂಬ ಸಂಖ್ಯೆ ಎಲ್ಲಿಯಾದರೂ ಬಂತಾ? ಇಲ್ಲ. ಬರುವುದೂ ಇಲ್ಲ.

ಪೂರ್ತಿ ಪ್ರಾಮಾಣಿಕವಾಗಿ ಹೇಳುವುದಾದರೆ, ಸಣ್ಣ ವ್ಯತ್ಯಾಸ ಇದೆ. ಎಸ್‌ಎಂಪಿಎಸ್ ತನ್ನ ಶಕ್ತಿಯ ಅರ್ಧದಷ್ಟು ದುಡಿಯುವಾಗ ನಷ್ಟ ಕಡಿಮೆ. ತೀರಾ ಸ್ವಲ್ಪ ದುಡಿಯುವಾಗ ನಷ್ಟ ಜಾಸ್ತಿ. 1000 ವಾಟಿನದನ್ನು ತಂದು ಅದರಲ್ಲಿ ಬರೇ ಬ್ರೌಸರ್ ತೆರೆದಿಟ್ಟರೆ ಕೆಲವು ವಾಟ್ ದಂಡ. 550 ಮತ್ತು 650ರ ನಡುವೆ ಅದೂ ಇಲ್ಲ ಎನ್ನಬಹುದು.

ಹಾಗಾದರೆ ಬಿಲ್ ಏರುವುದು ಯಾಕೆ? ನೀವು ಆಡುವುದರಿಂದ. ದಿನಾ ಮೂರು ಗಂಟೆ ಆಡಿದರೆ ಎರಡು ತಿಂಗಳಿಗೆ 50 ಯೂನಿಟ್ ಆಯಿತು. ನಮ್ಮ ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಬಿಲ್ ಬರುವುದು ಎರಡು ತಿಂಗಳಿಗೊಮ್ಮೆ. ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದರೆ ತಿಂಗಳಿಗೊಮ್ಮೆ. ಇದನ್ನು ಮರೆತು ಮಂಗಳೂರಿನ ಭಾವನ ಬಿಲ್ಲಿನ ಜೊತೆ ನಮ್ಮದನ್ನು ಇಟ್ಟು ನೋಡಿ, ಸಿಟ್ಟನ್ನು ಎಸ್‌ಎಂಪಿಎಸ್ ಮೇಲೆ ತೀರಿಸುವವರೂ ಇದ್ದಾರೆ.

ಅಪ್ಪ ಹೆದರಬೇಕಾದದ್ದು ಬೇರೆ ಕಡೆ ಇದೆ. ಕ್ಯಾಬಿನೆಟ್ ಜೊತೆ ಅಗ್ಗಕ್ಕೆ ಬರುವ ‘450 ವಾಟ್’ ಡಬ್ಬಿಯ ಪಕ್ಕದ ಲೇಬಲ್ ಓದಿ. 12 ವೋಲ್ಟ್ ಎಂಬ ಕಡೆ ಎಷ್ಟು ಆಂಪಿಯರ್ ಇದೆ? 18 ಅಂತ ಇದ್ದರೆ 12 × 18 = 216. ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು ಎರಡೂ ಬದುಕುವುದು ಈ 12 ವೋಲ್ಟಿನ ಮೇಲೆ. ಅವೆರಡಕ್ಕೇ 191 ಹೋದರೆ ಉಳಿಯುವುದು ಬರೇ 25. ಸರಿಯಾದ 550 ವಾಟಿನದರಲ್ಲಿ ಅಲ್ಲಿ 45 ಆಂಪಿಯರ್ ಸುತ್ತಮುತ್ತ ಇರುತ್ತದೆ. ಅಂಗಡಿಯಲ್ಲಿ ನಿಂತು ನೋಡಬೇಕಾದದ್ದು ಈ ಒಂದು ಸಾಲು. ಎನ್‌ವಿಡಿಯಾದವರೂ 4060ಕ್ಕೆ 550 ಹೇಳುತ್ತಾರೆ. ಕಾರ್ಡು ಕ್ಷಣಮಾತ್ರಕ್ಕೆ ತನ್ನ ಮಿತಿ ಮೀರಿ ಎಳೆಯುವುದುಂಟು, ಅದಕ್ಕೆ ಜಾಗ ಬೇಕು. ನಾಳೆ ದೊಡ್ಡ ಕಾರ್ಡ್ ಹಾಕುವ ಆಸೆಯೂ ಬಂದೀತು.

80 ಪ್ಲಸ್ ಬ್ರಾಂಜ್, ಗೋಲ್ಡ್ ಎಂಬ ಗುರುತು ನಷ್ಟ ಎಷ್ಟು ಕಡಿಮೆ ಎಂದು ಹೇಳುತ್ತದೆಯೇ ಹೊರತು ಸಾಮಾನು ಗಟ್ಟಿ ಎಂದಲ್ಲ. ನಿಮಗೆ ಬ್ರಾಂಜ್ ಧಾರಾಳ. ಉಳಿದ ದುಡ್ಡು ವಾರಂಟಿ ಜಾಸ್ತಿ ಇರುವುದಕ್ಕೆ ಹಾಕಿ. ಬಿಚ್ಚಿ ಹಾಕುವ ಕೇಬಲ್ ಇರುವುದನ್ನು ತಂದರೆ ಬೇರೆ ಕಂಪೆನಿಯ ಕೇಬಲ್ ಚುಚ್ಚಬೇಡಿ. ತುದಿ ಸರಿಯಾಗಿ ಕೂತರೂ ಒಳಗಿನ ಪಿನ್ನುಗಳು ಬೇರೆಯಾಗಿರಬಹುದು. ಡ್ರೈವ್ ಸುಟ್ಟುಹೋದ ಮೇಲೆ ಗೊತ್ತಾಗುತ್ತದೆ.

ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಹೊಸ ಪಿಸಿಯ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ, ಟೆಸ್ಟರ್ ಇಟ್ಟರೆ ಉರಿಯುತ್ತದೆ. ಜನ ಕೂಡಲೇ ಎಸ್‌ಎಂಪಿಎಸ್ ಹಾಳು ಅಂತ ಅಂಗಡಿಗೆ ಓಡುತ್ತಾರೆ. ಹೆಚ್ಚಾಗಿ ಹಾಳಾಗಿರುವುದು ಮನೆಯ ಅರ್ತಿಂಗ್. ಎಸ್‌ಎಂಪಿಎಸ್ ಒಳಗೆ ಲೈನಿನಿಂದ ಲೋಹದ ಬಾಡಿಯವರೆಗೆ, ನ್ಯೂಟ್ರಲಿನಿಂದ ಬಾಡಿಯವರೆಗೆ ಒಂದೊಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಅರ್ತ್ ಇಲ್ಲದಿದ್ದರೆ ಬಾಡಿ 230ರ ಅರ್ಧಕ್ಕೆ, 115 ವೋಲ್ಟ್ ಸುಮಾರಿಗೆ ಬಂದು ನಿಲ್ಲುತ್ತದೆ. ಹರಿಯುವ ಕರೆಂಟು ತೀರಾ ಸ್ವಲ್ಪ. ಆದರೆ ಮುಂದೆ ಯಾವತ್ತಾದರೂ ನಿಜವಾದ ಶಾರ್ಟ್ ಆದರೆ ಕಾಪಾಡುವ ದಾರಿಯೇ ಇಲ್ಲ ಎಂದಾಯಿತು. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಕನ್ವರ್ಟರ್ ಸಿಕ್ಕಿಸಿದವರು ಮೊದಲು ಅದನ್ನು ಬಿಸಾಡಿ.

ನಮ್ಮಲ್ಲಿ ಮನೆಗಳು ಇರುವುದು ಮುರಕಲ್ಲಿನ ಗುಡ್ಡೆಯಲ್ಲಿ. ಏಪ್ರಿಲ್, ಮೇ ಬಿಸಿಲಿಗೆ ಅರ್ತ್ ಗುಂಡಿ ಒಣಗಿ ಕೂತಿರುತ್ತದೆ. ಆಗಾಗ ನೀರು ಹೊಯ್ಯಬೇಕು. ತುಲಾ ತಿಂಗಳ ಗುಡುಗಿಗೆ ಸ್ಪೈಕ್ ಗಾರ್ಡ್ ಇದೆಯಲ್ಲ ಎನ್ನುತ್ತೀರಿ. ಅರ್ತ್ ಸರಿ ಇಲ್ಲದಿದ್ದರೆ ಅದು ಮಾಡಬೇಕಾದ ಕೆಲಸ ಅರ್ಧವೂ ಆಗುವುದಿಲ್ಲ. ಹತ್ತಿರ ಬಿದ್ದ ಸಿಡಿಲಿಗಂತೂ ಅದು ಯಾವ ಲೆಕ್ಕವೂ ಅಲ್ಲ. ಮೋಡ ಕಟ್ಟಿದಾಗಲೇ ಪ್ಲಗ್ ಎಳೆಯಿರಿ, ಇಂಟರ್ನೆಟ್ ಕೇಬಲನ್ನೂ ಎಳೆಯಿರಿ. ಅರ್ತಿಂಗ್ ನೋಡಲು ಎಲೆಕ್ಟ್ರಿಷಿಯನ್ ಬಂದಾಗ ಮೀಟರ್ ಬೋರ್ಡಿನ ಇಎಲ್‌ಸಿಬಿಯ (ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚಿನ) ಟೆಸ್ಟ್ ಬಟನ್ ಒಮ್ಮೆ ಒತ್ತಿ ತೋರಿಸಲು ಹೇಳಿ.